ರಸ್ತೆಬದಿಯಲ್ಲಿ ಮಾಡಿದ ಲೆಕ್ಕ

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನೆ ರಾತ್ರಿ ಸೇನಾ ಅಧಿಕಾರಿಯ ತರಬೇತಿಗೆಂದು ನೀನು ಹತ್ತಿದ ಚೆನ್ನೈ ರೈಲು ಹೊರಟಾಗ ನೀನು ಅಮ್ಮನಿಗೆ ಕೈ ಬೀಸಿದೆ, ನನ್ನ ಕಡೆ ನೋಡಲಿಲ್ಲ. ಅದು ನಿನ್ನ ತಪ್ಪಲ್ಲ. ಹೊರಡುವ ಹಿಂದಿನ ದಿನ ನೆಂಟರೆಲ್ಲ ಕುಳಿತಿದ್ದಾಗ, "ಹೆಣ್ಣುಮಕ್ಕಳನ್ನು ಪದಾತಿ ದಳಕ್ಕೆ ಹಾಕುವುದಿಲ್ಲ, ಇವಳಿಗೆ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಸಿಕ್ಕರೆ ಹಿಂದೆ ಕುಳಿತು ಮಾಡುವ ಕೆಲಸ, ಹೆದರುವಂಥದ್ದೇನಿಲ್ಲ" ಎಂದು ನಾನು ಹೇಳಿದೆ. ನೀನು ತಟ್ಟೆ ಸರಿಸಿ ಒಂದೇ ಮಾತು ಆಡಿದೆ: "ಪ್ರಾಂಜಲ್ ಅವರೂ ಸಿಗ್ನಲ್ಸ್‌ನವರೇ, ಅಪ್ಪ." ಅದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಹಾಗೆ ಹೇಳಿದೆನಲ್ಲ, ಅದಕ್ಕಾಗಿ ಈ ಕಾಗದ.

2023ರ ನವೆಂಬರ್ 25ರಂದು ನಾವಿಬ್ಬರೂ ಬೆಂಗಳೂರಿನ ಬಳಿಯ ಜಿಗಣಿಯ ರಸ್ತೆಬದಿಯಲ್ಲಿ ನಿಂತಿದ್ದೆವು. ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರ ಪಾರ್ಥಿವ ಶರೀರ ಹೊತ್ತ ಸೇನೆಯ ವಾಹನ ಬಂದಾಗ ಜನ ಹೂವು ಎರಚಿದರು, ಶಾಲೆಯ ಮಕ್ಕಳು ಬಾವುಟ ಹಿಡಿದಿದ್ದರು. ಇದೆಲ್ಲ ನಿನಗೂ ನೆನಪಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವರಿಗೆ 29 ವರ್ಷ ಎಂದು ಪಕ್ಕದಲ್ಲಿದ್ದ ಯಾರೋ ಹೇಳಿದರು. ಆಗ ನಿನಗೆ 20. ನಾನು ಅಲ್ಲಿಯೇ, ಅಷ್ಟು ಜನರ ನಡುವೆ, ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತನ್ನು ಕಳೆದೆ. ಸೇನೆಗೆ ಸೇರುವ ಮಾತನ್ನು ನೀನಿನ್ನೂ ಬಾಯಿಬಿಟ್ಟು ಆಡಿರಲಿಲ್ಲ. ಆದರೂ ನಿನ್ನ ಮುಖ ನೋಡಿದವನಿಗೆ ತಿಳಿದುಹೋಗಿತ್ತು. ಒಂಬತ್ತು ವರ್ಷ. ಬೇರೊಬ್ಬರ ಮಗನಿಗೆ ಗೌರವ ಸಲ್ಲಿಸಲು ಹೋದವನು ತನ್ನ ಮಗಳ ಲೆಕ್ಕ ಹಾಕುತ್ತಾ ನಿಂತೆನೆಂಬ ನಾಚಿಕೆ ಇಂದಿಗೂ ಹೋಗಿಲ್ಲ. ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದಲ್ಲಿ ನೀನು ಆಯ್ಕೆಯಾದ ದಿನ ಊರಿಗೆಲ್ಲ ಸಿಹಿ ಹಂಚಿದ ಮೇಲೆ ರಾತ್ರಿ ಮತ್ತೆ ಅದೇ ಲೆಕ್ಕ. ನಿನ್ನೆ ರೈಲು ನಿಲ್ದಾಣದಲ್ಲಿಯೂ ಅದೇ. ಈಗ ಉಳಿದದ್ದು ಏಳು. ಇದಕ್ಕೆ ಅರ್ಥವಿಲ್ಲವೆಂದು ನನಗೆ ಗೊತ್ತು. ಆದರೂ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಆ ವರ್ಷ, ಪ್ರಾಂಜಲ್ ಅವರು ಮಡಿದ ಜಮ್ಮುವಿನ ರಜೌರಿ ಜಿಲ್ಲೆಯ ಸುದ್ದಿಯನ್ನು ನಾನು ಒಂದೂ ಬಿಡದೆ ಓದಿದೆ. ಜನವರಿಯ ಮೊದಲ ಎರಡು ದಿನಗಳಲ್ಲಿ ಡಾಂಗ್ರಿ ಗ್ರಾಮದಲ್ಲಿ ಉಗ್ರರು ನಡೆಸಿದ ದಾಳಿಗಳಿಗೆ ಏಳು ಮಂದಿ ನಾಗರಿಕರು ಬಲಿಯಾದರು. ಮೇ ತಿಂಗಳಲ್ಲಿ ಕಂಡಿ ಕಾಡಿನಲ್ಲಿ ಐವರು ಯೋಧರು ಪ್ರಾಣ ಕಳೆದುಕೊಂಡರು. ನವೆಂಬರ್ 22ರಂದು ಕಾಲಾಕೋಟ್ ಪ್ರದೇಶದ ಬಾಜಿಮಾಲ್‌ನಲ್ಲಿ ಸೇನೆ ಉಗ್ರರನ್ನು ಸುತ್ತುವರಿಯಿತು. ಮರುದಿನದವರೆಗೂ ನಡೆದ ಆ ಕಾರ್ಯಾಚರಣೆಯಲ್ಲಿ ಇಬ್ಬರು ಉಗ್ರರು ಹತರಾದರು. ಅವರಲ್ಲೊಬ್ಬನಿಗೆ ಡಾಂಗ್ರಿಯ ಹತ್ಯೆಗಳಲ್ಲಿ ಕೈವಾಡವಿತ್ತೆಂದು ಸೇನೆ ಹೇಳಿತು. ನಮ್ಮವರು ಐವರು ಹೋದರು: ಉಗ್ರರನ್ನು ಎದುರಿಸುವ ಪಡೆಯಾದ ರಾಷ್ಟ್ರೀಯ ರೈಫಲ್ಸ್‌ನ 63ನೇ ಬೆಟಾಲಿಯನ್ನಿನ ಪ್ರಾಂಜಲ್, ಪ್ಯಾರಾ ಪಡೆಯ ಕ್ಯಾಪ್ಟನ್ ಶುಭಂ ಗುಪ್ತಾ, ಹವಾಲ್ದಾರ್ ಅಬ್ದುಲ್ ಮಜೀದ್, ಲ್ಯಾನ್ಸ್ ನಾಯಕ್ ಸಂಜಯ್ ಬಿಷ್ಟ್, ಪ್ಯಾರಾಟ್ರೂಪರ್ ಸಚಿನ್ ಲೌರ್. ರಾಷ್ಟ್ರೀಯ ರೈಫಲ್ಸ್‌ಗೆ ಸೇನೆಯ ಎಲ್ಲ ವಿಭಾಗಗಳಿಂದಲೂ ಅಧಿಕಾರಿಗಳು ನಿಯೋಜನೆಯ ಮೇಲೆ ಹೋಗುತ್ತಾರೆ. ಮಧ್ಯಪ್ರದೇಶದ ಮ್ಹೌನಲ್ಲಿರುವ ಸೇನಾ ಕಾಲೇಜಿನಲ್ಲಿ ಸಂಪರ್ಕ ವಿದ್ಯೆ ಕಲಿತವರು ರಜೌರಿಯ ಕಾಡಿನಲ್ಲಿ ತಂಡದ ಮುಂದೆ ನಡೆಯುವುದು ಹಾಗೆಯೇ. ಹಿಂದೆ ಕುಳಿತು ಮಾಡುವ ಕೆಲಸವೆಂದು ನಾನು ಹೇಳಿದ್ದು ಅಂಥವರ ವಿಷಯದಲ್ಲಿ.

ಅಂದಿನ ಸೇನೆಯ ಹೇಳಿಕೆಯಲ್ಲಿ ಒಂದು ಮಾತಿತ್ತು. ಅಲ್ಲಿನ ಹೆಂಗಸರು, ಮಕ್ಕಳಿಗೆ ಅಪಾಯವಾಗದಂತೆ ತಡೆಯುವ ಪ್ರಯತ್ನದಲ್ಲಿ ನಮ್ಮವರು ಶೌರ್ಯ ತೋರಿದರೆಂಬುದು ಅದರ ತಾತ್ಪರ್ಯ. ನಾನು ಅದನ್ನು ಮತ್ತೆ ಮತ್ತೆ ಓದಿದ್ದೇನೆ. ದೂರದಿಂದ ಗುಂಡಿನ ಮಳೆಗರೆದು ಕೆಲಸ ಮುಗಿಸಬಹುದಾದಲ್ಲಿಯೂ, ಒಳಗೆ ಜನರಿದ್ದಾರೆಂದು ಬಂದೂಕನ್ನು ತಡೆಹಿಡಿದು ಹತ್ತಿರಕ್ಕೆ ಹೋಗಬೇಕಾಗುತ್ತದೆ. ಹಾಗೆ ತಡೆಹಿಡಿದ ಗಳಿಗೆಯಲ್ಲಿಯೇ ಯೋಧನ ಮೈ ಶತ್ರುವಿನ ಗುಂಡಿಗೆ ತೆರೆದುಕೊಳ್ಳುತ್ತದೆ. ನೀನು ಅಧಿಕಾರಿಯಾಗುವವಳು. ನಾಳೆ ನಿನ್ನ ಮಾತಿನ ಮೇಲೆ ಹತ್ತಾರು ಮಂದಿ ಹೆಜ್ಜೆ ಇಡುತ್ತಾರೆ. ಸಿಟ್ಟಿನಲ್ಲಿ ಆಜ್ಞೆ ಕೊಡಬೇಡ. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಬೇಡ, ಸುಬೇದಾರರಂಥ ಹಿರಿಯರನ್ನು ಕೇಳು. ತಂಡದವರ ಊಟವಾಯಿತೇ ಎಂದು ವಿಚಾರಿಸಿದ ಮೇಲೆಯೇ ನೀನು ತಟ್ಟೆಗೆ ಕೈ ಹಾಕು. ಪದಕದ ಆಸೆಗೆ ಮುನ್ನುಗ್ಗಬೇಡ. ಮುನ್ನುಗ್ಗಲೇಬೇಕಾದಾಗ ಅಪ್ಪ ಅಮ್ಮನ ಮುಖ ನೆನೆದು ಹಿಂಜರಿಯಲೂ ಬೇಡ. ಈ ಕೊನೆಯ ಮಾತನ್ನು ಬರೆದು ಎರಡು ಸಲ ಹೊಡೆದುಹಾಕಿದೆ, ಮೂರನೆಯ ಸಲ ಹಾಗೆಯೇ ಬಿಟ್ಟಿದ್ದೇನೆ. ಬಂದೂಕು ಹಿಡಿದು ಗೊತ್ತಿಲ್ಲದ ನಾನು ನಿನಗೆ ಇದನ್ನೆಲ್ಲ ಹೇಳುವುದು ಅಧಿಕಪ್ರಸಂಗವೇ. ಕ್ಷಮಿಸು, ಆದರೆ ಓದು.

ಹೆಣ್ಣುಮಗಳೆಂದು ನಿನ್ನನ್ನು ಕಡಿಮೆ ಮಾಡಿ ಆಡಿದ್ದು ನನ್ನ ಮಾತಲ್ಲ ಪುಟ್ಟಿ, ನನ್ನ ಹೆದರಿಕೆಯ ಮಾತು. ಮಹಿಳಾ ಅಧಿಕಾರಿಗಳಿಗೂ ಕಾಯಂ ಸೇವೆಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಾಗ, ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿ ನಿನ್ನ ಪುಸ್ತಕದಲ್ಲಿ ಇಟ್ಟವನು ನಾನೇ. ಆಗ ಪಟ್ಟ ಹೆಮ್ಮೆ ಸುಳ್ಳಲ್ಲ, ಈಗ ಪಡುತ್ತಿರುವ ಹೆದರಿಕೆಯೂ ಸುಳ್ಳಲ್ಲ.

ತರಬೇತಿ ಮುಗಿದು ನಿನ್ನ ಹೆಗಲಿಗೆ ನಕ್ಷತ್ರ ಏರಿಸುವ ದಿನ ನಾವಿಬ್ಬರೂ ಚೆನ್ನೈಗೆ ಬರುತ್ತೇವೆ; ಬರಬೇಡವೆಂದು ಮಾತ್ರ ಹೇಳಬೇಡ. ಅಲ್ಲಿನ ಸೆಕೆಗೆ ನೀರು ಚೆನ್ನಾಗಿ ಕುಡಿ. ಹೊಸ ಬೂಟು ಕಚ್ಚಿದರೆ ಮುಚ್ಚಿಡಬೇಡ, ತೋರಿಸಿ ಔಷಧಿ ಹಚ್ಚಿಕೊ. ಫೋನು ಕೈಗೆ ಕೊಟ್ಟ ದಿನ ಮೊದಲು ಅಮ್ಮನಿಗೆ ಮಾಡು. ನಾನು ಪಕ್ಕದಲ್ಲಿಯೇ ಕುಳಿತಿರುತ್ತೇನೆ, ನಿನಗೆ ಮನಸ್ಸಿದ್ದರೆ ನನಗೂ ಕೊಡಲು ಹೇಳು.

ಇಂತಿ,
ನಿನ್ನ ಅಪ್ಪ