ಲೇ ಬಸ್ಯಾ, ಅವನು ಮಾಮಾ ಅಲ್ಲಂತೆ

ಪ್ರೀತಿಯ ಬಸ್ಯಾ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಓದಿ, ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ ಅಂತ ಆಸೆ. ಹದಿಮೂರನೇ ಚೀಲದ ವಿಷಯ ಎತ್ತೋದಿಲ್ಲ, ಆಣೆ. ಆಡಿನ ವಿಷಯ ಮಾತ್ರ ಕೊನೆಗೆ ಬರಬಹುದು, ಮನಸ್ಸು ಗಟ್ಟಿ ಮಾಡಿಕೋ.

ಹೋದ ಭಾನುವಾರದ ಮಾತು. ಗಂಗಾವತಿಯಲ್ಲಿ ಮಧ್ಯಾಹ್ನ ಕರೆಂಟು ಹೋಗಿತ್ತು. ಮಗಳು ಕಟ್ಟೆ ಮೇಲೆ ಕೂತು ಸ್ಪೈಡರ್‌ಮ್ಯಾನ್ ಕಾಮಿಕ್ ಓದುತ್ತಿದ್ದಳು, ಗೆಳತಿ ಹತ್ತಿರ ಇಸ್ಕೊಂಡು ಬಂದದ್ದು. ಇಣುಕಿ ನೋಡಿದರೆ ದೊಡ್ಡ ಕಥೆಯೊಂದರ ನಟ್ಟನಡುವಿನ ಸಂಚಿಕೆ. ಮೊದಲ ಪುಟದಲ್ಲೇ ಯಾವನೋ ಹಳೇ ವೈರಿ ಹಲ್ಲು ಕಡಿಯುತ್ತಾ ನಿಂತಿದ್ದಾನೆ. ನನ್ನೊಳಗಿನ ಮಾಸ್ತರು ಸುಮ್ಮನಿರುತ್ತಾನಾ? 'ತಡಿ, ಇದು ನಡುವಿನ ಭಾಗ, ಹೀಗೆ ಓದಿದರೆ ತಿಳಿಯೋದಿಲ್ಲ, ಮೊದಲು ಈ ಹುಡುಗ ಯಾರು ಅಂತ ಹೇಳ್ತೀನಿ' ಅಂತ ಶುರು ಮಾಡಿದೆ. ಅವಳು ತಲೆಯೇ ಎತ್ತಲಿಲ್ಲ.

'ಪಪ್ಪಾ, ಅವ ಬೀಳಾಕತ್ತಾನ. ಒಂದ್ ನಿಮಿಷ ತಡಿ.'

ತಡೆದೆ. ಅವನು ಎರಡು ಪುಟ ಬಿದ್ದ. ಆಮೇಲೆ ಬಲೆ ಸಿಕ್ಕಿತು, ಅವಳು ಉಸಿರು ಬಿಟ್ಟಳು. ಆಗ 'ಹೂಂ, ಏನೋ ಹೇಳ್ತಿದ್ದೆಲ್ಲ?' ಅಂದಳು. ಹೇಳಲು ಏನೂ ಉಳಿದಿರಲಿಲ್ಲ ಮಾರಾಯ. ಹೀಗೆ ಬೀಳುವವನು ಯಾರು ಅಂತ ತಿಳಿಯದೆಯೇ ಉಸಿರು ಹಿಡಿಯಬಹುದು ಅನ್ನೋದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ನನ್ನ ರೋಗ ನಿನಗೆ ಗೊತ್ತು. ಹತ್ತನೇ ತರಗತಿಗೆ ರನ್ನನ ಪದ್ಯ ಮಾಡುವಾಗ ಎರಡು ಪೀರಿಯಡ್ಡು ಬರೀ ಕವಿ ಪರಿಚಯ, ಕುರುವಂಶದ ಪಟ್ಟಿ, ಯಾರಿಗೆ ಯಾರು ಏನಾಗಬೇಕು. ಪದ್ಯಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚು ನಿದ್ದೆ. ಆದರೆ ರನ್ನ ಏನು ಮಾಡಿದ? ಹತ್ತನೇ ಶತಮಾನದಲ್ಲಿ ಕೂತು ಗದಾಯುದ್ಧವನ್ನು ಕೊನೆಯ ದಿನದಿಂದ ಶುರು ಮಾಡಿದ. ಹದಿನೆಂಟು ದಿನದ ಯುದ್ಧ ಮುಗಿಯುತ್ತಾ ಬಂದಿದೆ, ಉಳಿದದ್ದು ಇಬ್ಬರ ಜಗಳ. ಹಿಂದಿನದು ಬೇಕಾದಾಗ ಸಿಂಹ ನಡೆಯುತ್ತಾ ನಡೆಯುತ್ತಾ ಕತ್ತು ತಿರುಗಿಸಿದ ಹಾಗೆ ಒಂದು ನೋಟ, ಅಷ್ಟೇ. ಅದಕ್ಕೇ ಸಿಂಹಾವಲೋಕನ ಅಂತ ಹೆಸರು. ಇದನ್ನು ನಾನೇ ಬೋರ್ಡಿನ ಮೇಲೆ ಬರೆಸುತ್ತೇನೆ, ನಾಲ್ಕು ಅಂಕದ ಪ್ರಶ್ನೆ ಅಂತ. ನಾನು ಮಾತ್ರ ಆದಿಪರ್ವದಿಂದಲೇ ಶುರು ಮಾಡೋದು.

ಕಾಮಿಕ್ಸ್‌ನವರಿಗೂ ಈ ರೋಗ ಇದೆ. ಮಾರ್ವೆಲ್‌ನವರು ಚಿತ್ರದ ಮೂಲೆಯಲ್ಲಿ ಒಂದು ನಕ್ಷತ್ರ ಹಾಕಿ, 'ಇದು ಇಂಥ ಸಂಚಿಕೆಯಲ್ಲಿ ನಡೆದದ್ದು' ಅಂತ ಅಡಿಟಿಪ್ಪಣಿ ಕೊಡುತ್ತಿದ್ದರು. ಡಿಸಿಯವರದು ಇನ್ನೂ ಚೆಂದ. (ಕೊಪ್ಪಳದ ಡಿಸಿ ಸಾಹೇಬರಲ್ಲ, ಕಾಮಿಕ್ಸ್ ಡಿಸಿ.) ಹಲವು ಭೂಮಿ, ಒಬ್ಬೊಬ್ಬ ಹೀರೋಗೆ ಎರಡು ಮೂರು ಅವತಾರ, ಓದುಗರಿಗೆ ಗೊಂದಲ ಆಗುತ್ತಿದೆ ಅಂತ 1985ರಲ್ಲಿ ಹನ್ನೆರಡು ಸಂಚಿಕೆಯ ಕಥೆ ಮಾಡಿ ಎಲ್ಲ ಭೂಮಿಗಳನ್ನು ಒಂದೇ ಮಾಡಿದರು. ಈಗ ಆ ಹನ್ನೆರಡನ್ನು ತಿಳಿಯಲಿಕ್ಕೆ ಹಿಂದಿನ ಭೂಮಿಗಳೆಲ್ಲ ಗೊತ್ತಿರಬೇಕು. ಪಹಣಿಯಲ್ಲಿ ಒಂದು ಹೆಸರು ತೆಗೆಸಲು ಹೋದವನಿಗೆ ಇನ್ನೂ ನಾಲ್ಕು ಹೆಸರು ಸೇರಿಕೊಂಡು ಬಂದವಲ್ಲ, ಆ ಕಥೆ. ಯಾರ ಪಹಣಿ ಅಂತ ಹೇಳೋದಿಲ್ಲ ಬಸ್ಯಾ.

ಸಂಜೆ ಮಗಳು ಅದೇ ಕಥೆಯನ್ನು ಅವ್ವನಿಗೆ ಹೇಳಲು ಕೂತಳು. ಅವ್ವನಿಗೆ ಈಗ ಎಪ್ಪತ್ತೆರಡು, ಕಾಮಿಕ್ ಅನ್ನೋದನ್ನು ಕೈಯಲ್ಲಿ ಹಿಡಿದವಳಲ್ಲ. ವಿಕಿರಣ ತಾಗಿದ ಜೇಡ ಕಚ್ಚಿತು, ಹುಡುಗ ಗೋಡೆ ಹತ್ತಿದ ಅಂದರೆ 'ಹೂಂ' ಅಂದಳು. ಹನುಮಪ್ಪ ಹುಟ್ಟಿದ ಅಂಜನಾದ್ರಿಯ ಪಕ್ಕದಲ್ಲೇ ಬದುಕಿದವಳಿಗೆ ಗೋಡೆ ಹತ್ತೋದು ಯಾವ ದೊಡ್ಡ ಮಾತು? ನಡುವೆ ನಾನು ಬಾಯಿ ಹಾಕಿ ಸೂಪರ್‌ಮ್ಯಾನ್ ಕಥೆಯನ್ನೂ ಹೇಳಿದೆ. ಗ್ರಾಂಟ್ ಮಾರಿಸನ್ ಬರೆದ ಆಲ್-ಸ್ಟಾರ್ ಸೂಪರ್‌ಮ್ಯಾನ್‌ನಲ್ಲಿ ಅವನ ಹುಟ್ಟಿನ ಕಥೆಯೆಲ್ಲ ಒಂದೇ ಪುಟ, ನಾಲ್ಕು ಚಿತ್ರ, ಎಂಟು ಪದ. ಮುಳುಗುವ ಲೋಕ, ಕೂಸನ್ನು ಕಳಿಸಿಬಿಟ್ಟರು, ಯಾರೋ ಗಂಡ ಹೆಂಡತಿ ಎತ್ತಿಕೊಂಡರು. ಅವ್ವನಿಗೆ ಎಂಟು ಪದವೂ ಜಾಸ್ತಿಯಾಯಿತು. 'ಕರ್ಣನ ಕಥಿ ಹೌದಿಲ್ಲೋ' ಅಂದಳು.

ಆದರೆ ಸ್ಪೈಡರ್‌ಮ್ಯಾನ್ ಹುಡುಗನನ್ನು ಸಾಕಿದ ಅಂಕಲ್ ಬೆನ್ ಹತ್ತಿರ ಬಂದು ಗಾಡಿ ನಿಂತಿತು.

'ಅಂಕಲ್ ಅಂದ್ರ ಯಾರವ್ವಾ? ದೊಡ್ಡಪ್ಪನೋ, ಕಾಕಾನೋ, ಮಾಮಾನೋ?'

ಮಗಳು ನನ್ನ ಮುಖ ನೋಡಿದಳು. ನೋಡು ಬಸ್ಯಾ, ಇಂಗ್ಲಿಷಿನವನಿಗೆ ಒಂದು ಪದದಲ್ಲಿ ಮುಗಿಯಿತು. ಕನ್ನಡದಲ್ಲಿ ಆ ಒಂದು ಪದ ಹೇಳಬೇಕಾದರೆ ಪೂರ್ತಿ ಮನೆತನ ಗೊತ್ತಿರಬೇಕು. ನನ್ನ ಬಾಯಿಗೆ ತಟ್ಟನೆ 'ಮಾಮಾ' ಅಂತ ಬಂತು. ಮೂವತ್ತು ವರ್ಷದಿಂದ ಅವನು ನನಗೆ ಮಾಮಾನೇ. ನಿನಗೂ ಹಾಗೇ ಹೇಳಿದ್ದೆ, ನಿಮ್ಮ ಮಿಲ್ಲಿನ ಹೊಟ್ಟಿನ ರಾಶಿ ಮೇಲೆ ಕೂತು, ಮೈಯೆಲ್ಲ ಕೆರೆದುಕೊಳ್ಳುತ್ತಾ.

ರಾತ್ರಿ ಅನುಮಾನ ಬಂದು ಹುಡುಕಿದೆ. ಬೆನ್ ಆ ಹುಡುಗನ ತಂದೆಯ ಅಣ್ಣ. ದೊಡ್ಡಪ್ಪ ಲೇ ಅವನು! ಹುಡುಕುತ್ತಾ ಇನ್ನೊಂದು ಸಿಕ್ಕಿತು. ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು 1962ರಲ್ಲಿ, ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಮಾಡಿದ ಹನ್ನೊಂದು ಪುಟದ ಕಥೆ. ಜೇಡ ಕಚ್ಚೋದು, ಕುಸ್ತಿ ಆಡಿ ದುಡ್ಡು ಮಾಡೋದು, ಕಳ್ಳನನ್ನು ನನಗೇಕೆ ಅಂತ ಬಿಟ್ಟುಬಿಡೋದು, ಅದೇ ಕಳ್ಳ ಮನೆಯ ಹಿರಿಯನನ್ನು ಕೊಲ್ಲೋದು, ಎಲ್ಲ ಆ ಹನ್ನೊಂದರಲ್ಲೇ. ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರಬೇಕು ಅನ್ನೋ ಆ ದೊಡ್ಡ ಮಾತು ಇದೆಯಲ್ಲ, ಅದನ್ನು ಅಲ್ಲಿ ಬೆನ್ ಹೇಳೋದೇ ಇಲ್ಲ. ಕೊನೆಯ ಚಿತ್ರದಲ್ಲಿ ಕಥೆ ಹೇಳುವವನೇ ಹೇಳುತ್ತಾನೆ. ಹಿನ್ನೆಲೆ ಗೊತ್ತು ಅನ್ನೋ ನಾವೆಲ್ಲ ಬೆನ್ ಬಾಯಿಗೆ ಹಾಕಿದ್ದೇವೆ.

ಆ ಹುಡುಗನ ಅಪ್ಪ ಅಮ್ಮ ಏನಾದರು ಅನ್ನೋದು ಬಂದದ್ದು 1968ರ ವಾರ್ಷಿಕ ಸಂಚಿಕೆಯಲ್ಲಿ. ಆರು ವರ್ಷ ಜನ ಅದು ಗೊತ್ತಿಲ್ಲದೆಯೇ ಓದುತ್ತಿದ್ದರು, ಖುಷಿಯಾಗಿ.

ಅವ್ವ ಮಾತ್ರ ಆರು ನಿಮಿಷ ಕಾಯಲಿಲ್ಲ. 'ಮಾಮಾನ ಮನ್ಯಾಗ ಅದಾನ ಅಂದ್ರ, ಅವರಪ್ಪ ಎಲ್ಲಿಗೆ ಹೋಗ್ಯಾನ?' ಅಂದಳು. ಕೇಳಿದವಳೇ ಸುಮ್ಮನಾದಳು. ಸೆರಗಿನ ತುದಿ ಹಿಡಿದು ಕನ್ನಡಕ ಒರೆಸಲು ಶುರು ಮಾಡಿದಳು. ಒರೆಸಿದ್ದೇ ಒರೆಸಿದ್ದು. ನಾನು ಕರೆಂಟು ಬಂತೇನೋ ನೋಡ್ತೀನಿ ಅಂತ ಎದ್ದು ಹೋದೆ. ಕರೆಂಟು ಬಂದು ಎರಡು ತಾಸಾಗಿತ್ತು, ಫ್ಯಾನು ತಲೆ ಮೇಲೇ ತಿರುಗುತ್ತಿತ್ತು.

ಈಗ ಹೇಳಿಬಿಡುತ್ತೇನೆ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಬಸ್ಯಾ. ಐದನೇ ತರಗತಿಯಲ್ಲಿ ಎಬಿಸಿಡಿ ಹಿಡಿದವನು ಏಳನೇ ತರಗತಿಯಲ್ಲಿ ಅದನ್ನೆಲ್ಲ ಹೇಗೆ ಓದಲಿ? ನಿಮ್ಮ ದೊಡ್ಡಪ್ಪ ಬೆಂಗಳೂರಿನಿಂದ ನಿನಗೆ ತಂದ ಕಾಮಿಕ್ಕು, ನಾನು ಬೆರಳಿಟ್ಟು ಓದಿದ ಹಾಗೆ ಮಾಡುತ್ತಿದ್ದೆ. ಚಿತ್ರ ನೋಡಿ ಕಟ್ಟಿದ ಕಥೆ. ನಕ್ಷತ್ರದ ಗುರುತು ಬಂದಲ್ಲೆಲ್ಲ 'ಇದರ ಹಿಂದೆ ದೊಡ್ಡ ಕಥೆ ಇದೆ, ನಾಳೆ ಹೇಳ್ತೀನಿ' ಅಂತಿದ್ದೆ. ನಾಳೆ ಮತ್ತೆ ಕರೀಲಿ ಅಂತ. ಕಥೆ ನಿನಗೇ ತಿಳಿದುಬಿಟ್ಟರೆ ನಿಮ್ಮ ಮಿಲ್ಲಿನಲ್ಲಿ ನನಗೇನು ಕೆಲಸ? ನಿಮ್ಮವ್ವ ಕೊಡುವ ವಗ್ಗರಣಿ-ಮಿರ್ಚಿ ಯಾರು ಕೊಡುತ್ತಾರೆ?

ಆ ಹುಡುಗನ ಅಪ್ಪ ಹಡಗಿನಲ್ಲಿದ್ದಾನೆ, ಮುಂದಿನ ಸಂಚಿಕೆಯಲ್ಲಿ ಬರುತ್ತಾನೆ ಅಂದಿದ್ದೆ. ನನ್ನಪ್ಪ ಮುಂಬೈನಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ ಅಂತಲೂ ಅಂದಿದ್ದೆ. ಅಪ್ಪ ಮುಂಬೈನಲ್ಲಿರಲಿಲ್ಲ. ಸಿಂಧನೂರಿನಲ್ಲಿದ್ದ, ಇನ್ನೊಂದು ಮನೆ ಮಾಡಿಕೊಂಡು.

1968ರ ಆ ಸಂಚಿಕೆಯಲ್ಲಿ ಹುಡುಗನಿಗೆ ಅಪ್ಪ ಅಮ್ಮ ದೇಶದ್ರೋಹಿಗಳು ಅನ್ನೋ ಹಳೇ ಸುದ್ದಿ ಸಿಗುತ್ತದೆ. ಸುಳ್ಳು ಅಂತ ತೋರಿಸಲು ಅಲ್ಜೀರಿಯಾದವರೆಗೆ ಹೋಗುತ್ತಾನೆ, ತೋರಿಸಿ ಬರುತ್ತಾನೆ. ನಾನು ಸಿಂಧನೂರಿಗೂ ಹೋಗಲಿಲ್ಲ. ದಿನಕ್ಕೆ ಎಷ್ಟು ಬಸ್ಸಿದ್ದವು.

ನನ್ನ ನಿದ್ದೆ ಕೆಡಿಸಿರೋದು ಇದಲ್ಲ, ಇನ್ನೊಂದು. ದೊಡ್ಡಾಟ ನೆನಪಿದೆಯಾ, ನಾವು ಚಾದರ ಹೊದ್ದು ಬೆಳಗಿನ ತನಕ ಕೂರುತ್ತಿದ್ದದ್ದು? ದುರ್ಯೋಧನ ಕಿರೀಟ ಅಲ್ಲಾಡಿಸುತ್ತಾ ಕುಣಿದುಕೊಂಡು ಬರುತ್ತಾನೆ. ಕೂತವರಿಗೆಲ್ಲ ಅವನು ಯಾರು ಅಂತ ಗೊತ್ತು, ವೇಷ ಹಾಕಿದವನ ಸಾಲ ಎಷ್ಟು ಅಂತಲೂ ಗೊತ್ತು. ಆದರೂ ಸಾರಥಿ ಕೈ ಮುಗಿದು ತಮ್ಮ ನಾಮಾಂಕಿತವೇನು ಅಂತ ಕೇಳುತ್ತಾನೆ. ಅವನು ಮೀಸೆ ತಿರುವಿ ಹೇಳಿಕೊಳ್ಳುತ್ತಾನೆ. ನಾವು ಹೊಸದಾಗಿ ಕೇಳುತ್ತೇವೆ.

ಗಂಗಾವತಿ ಆಗ ಎಷ್ಟು ದೊಡ್ಡ ಊರಾಗಿತ್ತು? ನಿಮ್ಮ ಮಿಲ್ಲಿನ ಲಾರಿ ವಾರಕ್ಕೆ ಎರಡು ಸಲ ಸಿಂಧನೂರಿಗೆ ಹೋಗುತ್ತಿತ್ತು. ನಿನಗೆ ಗೊತ್ತಿತ್ತು, ಅಲ್ವಾ? ನಿಮ್ಮವ್ವನಿಗಂತೂ ಗೊತ್ತಿರಲೇಬೇಕು. ಪ್ರತಿ ದೀಪಾವಳಿ ಆದಮೇಲೆ ನೀನು 'ನಿಮ್ಮಪ್ಪಗ ಈ ಸಲನೂ ರಜಾ ಸಿಗಲಿಲ್ಲೇನಲೇ?' ಅಂತ ಕೇಳುತ್ತಿದ್ದೆ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ನಾನು ಮೀಸೆ ಬರುವ ಮೊದಲೇ ಮೀಸೆ ತಿರುವುತ್ತಿದ್ದೆ.

ಸಾಕು. ಕಾಮಿಕ್ ಬಗ್ಗೆ ಅಂತ ಶುರು ಮಾಡಿ ಎಲ್ಲಿಗೋ ಬಂದೆ. ಮಾಸ್ತರಿಕೆ ಅಂದರೆ ಹೀಗೇ, ಸಿಲಬಸ್ಸು ಒಂದು, ಪಾಠ ಇನ್ನೊಂದು. ನಮ್ಮಿಬ್ಬರನ್ನು ಬಿಟ್ಟು ಇದನ್ನು ಓದುತ್ತಿರುವವರೇ, ನಿಮಗೆ ಚೀಲ, ಆಡು ಒಂದೂ ತಿಳಿಯದಿದ್ದರೆ ಚಿಂತೆ ಮಾಡಬೇಡಿ, ಹಿಂದಿನ ಸಂಚಿಕೆ ಎಲ್ಲೂ ಸಿಗೋದಿಲ್ಲ. ನನ್ನ ಮಗಳಿಗೆ ಇದನ್ನು ಅವ್ವನ ಮುಂದೆ ಓದಬೇಡ ಅಂತ ಹೇಳಿದ್ದೇನೆ. ಹಾಗೆ ಹೇಳಿದ ಮೇಲೆ ಖಂಡಿತ ಓದುತ್ತಾಳೆ.

ಮುಂದಿನ ವಾರ ಊರಿಗೆ ಬರುವುದಾದರೆ ಆ ಕಾಮಿಕ್ಕು ಹುಡುಕಿಕೊಂಡು ಬಾ. ಈಗ ನನಗೆ ಇಂಗ್ಲಿಷ್ ಬರುತ್ತದೆ, ಸುಮಾರಾಗಿ. ನಿಜವಾಗಿ ಏನು ಬರೆದಿತ್ತು ಅಂತ ಒಮ್ಮೆ ಓದಿ ಹೇಳುತ್ತೇನೆ. ಕೊನೆಯ ನಾಲ್ಕು ಪುಟ ಇರೋದಿಲ್ಲ, ಗೊತ್ತು. ಆಡು ತಿಂದದ್ದಕ್ಕೆ ನಾನು ಹೊಣೆ ಅಲ್ಲ, ಅದನ್ನು ಕಟ್ಟಬೇಕಾದವನು ನೀನು.

ನಿನ್ನ
ಮಾಸ್ತರು