ಫ್ರೋಡೊಗೆ ಅಷ್ಟು ಬಲ ಎಲ್ಲಿಂದ ಬಂತು?

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನ ಓದಿದೆ. ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಮಾಯದ ಉಂಗುರವೊಂದನ್ನು ಉರಿಯುವ ಬೆಟ್ಟದ ಬೆಂಕಿಗೆ ಎಸೆಯಲು ಹೊರಟ ಫ್ರೋಡೊ, ಶತ್ರುವಿನ ನಾಡಾದ ಮೊರ್ಡೋರ್‌ನಲ್ಲಿ ಬದುಕಿ ಉಳಿದಿದ್ದು ಆ ಉಂಗುರದಿಂದಲೇ, ಅವನನ್ನು ಕೊಲ್ಲುತ್ತಿದ್ದ ವಸ್ತುವೇ ಅವನನ್ನು ನಡೆಸುತ್ತಲೂ ಇತ್ತು ಅನ್ನುವ ನಿನ್ನ ಊಹೆ ನನಗೆ ಹಿಡಿಸಿತು. ಇಂಥ ಊಹೆ ಕಟ್ಟುತ್ತಾ ಕೂತರೆ ಟೈಮ್ ಹಾಳು ಅಂತ ನಿನಗೆ ಯಾರೋ ಹೇಳಿದರಂತೆ. ನಾನು ಒಪ್ಪುವುದಿಲ್ಲ. ಒಂದು ಪಾತ್ರ ಇಷ್ಟೆಲ್ಲ ಹೇಗೆ ತಾಳಿಕೊಂಡಿತು ಅಂತ ಹುಡುಕುತ್ತಾ ಹೋದರೆ ಆ ಕಥೆಯನ್ನು ಹೇಗೆ ಕಟ್ಟಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ನೀನು ಬರೆಯುತ್ತಿರುವ ಕಾದಂಬರಿಗೆ ಇದು ಒಳ್ಳೆಯ ತಯಾರಿ.

ನಿನ್ನ ಊಹೆಗೆ ಆಧಾರವೂ ಇದೆ. ಉಂಗುರವನ್ನು ಹಿಂದೆ ಇಟ್ಟುಕೊಂಡಿದ್ದ ಗೊಲ್ಲಮ್‌ಗೆ ಅದು ಸಿಕ್ಕಿದ್ದು ಕಥೆಯ ಲೋಕದ ಮೂರನೇ ಯುಗದ 2463ರ ಸುಮಾರಿಗೆ, ಅವನು ಸತ್ತಿದ್ದು 3019ರಲ್ಲಿ. ಐನೂರಕ್ಕೂ ಜಾಸ್ತಿ ವರ್ಷ! ಅವನ ನಂತರ ಉಂಗುರ ಇಟ್ಟುಕೊಂಡಿದ್ದ, ಫ್ರೋಡೊನ ಬಂಧು ಬಿಲ್ಬೊ 111ನೇ ಹುಟ್ಟುಹಬ್ಬದ ದಿನವೂ ಗಟ್ಟಿಯಾಗಿದ್ದ. ಫ್ರೋಡೊ 50 ತುಂಬುವಾಗಲೂ ಹರೆಯದ ಹುಡುಗನ ಹಾಗೆ ಕಾಣುತ್ತಿದ್ದ. ಇದನ್ನೆಲ್ಲ ಚೆನ್ನಾಗಿ ಜೋಡಿಸಿದ್ದೀಯ.

ಆದರೆ ಮಾಂತ್ರಿಕ ಗ್ಯಾಂಡಾಲ್ಫ್‌ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದೀಯ. ಅಂಥ ಉಂಗುರ ಇಟ್ಟುಕೊಂಡವನು ಸಾಯುವುದಿಲ್ಲ ಅಂತ ಅವನು ಹೇಳುತ್ತಾನೆ, ನಿಜ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವನಿಗೆ ಹೊಸ ಜೀವ ಸಿಗುವುದಿಲ್ಲ, ಸುಮ್ನೆ ಮುಂದುವರಿಯುತ್ತಾನೆ, ಕೊನೆಗೆ ಗಳಿಗೆ ಗಳಿಗೆಗೂ ದಣಿವೇ ಆಗುತ್ತದೆ ಅಂತಲೂ ಹೇಳುತ್ತಾನೆ. ಉಂಗುರ ಆಯುಷ್ಯವನ್ನು ಎಳೆದು ಉದ್ದ ಮಾಡುತ್ತದೆ. ಬೆಟ್ಟ ಹತ್ತುವ ಕಾಲಿಗೆ ಕಸುವು ಕೊಡುವುದಿಲ್ಲ. ಮೊರ್ಡೋರ್‌ನಲ್ಲಿ ಉಂಗುರ ಭಾರವಾಗುತ್ತಾ ಹೋದ ಹಾಗೆ ಫ್ರೋಡೊ ಕುಸಿಯುತ್ತಾ ಹೋಗುತ್ತಾನೆ. ಊಟದ ರುಚಿ, ನೀರಿನ ಸ್ಪರ್ಶ, ಹುಲ್ಲು, ಹೂವು, ಯಾವುದೂ ಅವನಿಗೆ ನೆನಪಿಗೆ ಬರುವುದಿಲ್ಲ. ನಡೆಸುವ ವಸ್ತು ಹೀಗೆ ಮಾಡುತ್ತದಾ?

ಇನ್ನೂ ದೊಡ್ಡ ತೊಡಕು ಫ್ರೋಡೊನ ಜೊತೆ ಹೊರಟ ಸೇವಕ ಸ್ಯಾಮ್. ನಿನ್ನ ಲೇಖನದಲ್ಲಿ ಅವನ ಹೆಸರು ಬರುವುದೇ ಇಲ್ಲ, ಅಲ್ವಾ? ಅವನೂ ಅದೇ ದಾರಿ ನಡೆದ. ಅದೇ ಬಾಯಾರಿಕೆ, ಅದೇ ಬೂದಿ. ನೀರು ಕಡಿಮೆಯಾದಾಗ ತನ್ನ ಪಾಲನ್ನೂ ಫ್ರೋಡೊಗೆ ಬಿಟ್ಟ. ಉಂಗುರ ಅವನ ಹತ್ತಿರ ಇದ್ದಿದ್ದು ಹೆಚ್ಚೆಂದರೆ ಒಂದೆರಡು ದಿನ. ಕೊನೆಗೆ ಆ ಉರಿಯುವ ಬೆಟ್ಟದ ಮೇಲೆ ಫ್ರೋಡೊನನ್ನು ಬೆನ್ನ ಮೇಲೆ ಹೊತ್ತು ಹತ್ತಿದವನು ಅವನೇ. ಉಂಗುರದ ತೂಕವೂ ಸೇರಿ ಭಾರ ಜಾಸ್ತಿ ಇರಬಹುದು ಅಂತ ಅಂಜಿಕೊಂಡೇ ಎತ್ತುತ್ತಾನೆ. ಎತ್ತಿದರೆ ಹಗುರ. ಉಂಗುರವೇ ಬಲದ ಮೂಲವಾದರೆ, ಉಂಗುರ ಇಲ್ಲದವನು ಉಂಗುರ ಇದ್ದವನನ್ನು ಹೊತ್ತಿದ್ದು ಹೇಗೆ? ಇದಕ್ಕೆ ಉತ್ತರ ಸಿಗುವವರೆಗೆ ನಿನ್ನ ಊಹೆ ನಿಲ್ಲುವುದಿಲ್ಲ.

ಒಂದು ಉತ್ತರ ಕಥೆಯಲ್ಲೇ ಇದೆ. ಎಲ್ವ್‌ಗಳು ಅನ್ನುವ ಅಮರ ಜನ ಕೊಟ್ಟ ಲೆಂಬಾಸ್ ಅನ್ನುವ ದಾರಿಯ ರೊಟ್ಟಿ. ಅದು ಹೊಟ್ಟೆಯ ಆಸೆ ತೀರಿಸುವುದಿಲ್ಲ, ಆದರೆ ಮನಸ್ಸಿನ ಛಲಕ್ಕೆ ಆಹಾರವಾಗುತ್ತದೆ, ಮನುಷ್ಯಮಾತ್ರರ ಮಿತಿ ಮೀರಿ ತಾಳಿಕೊಳ್ಳುವ ಶಕ್ತಿ ಕೊಡುತ್ತದೆ. ಬೇರೇನೂ ತಿನ್ನದೆ ಅದೊಂದನ್ನೇ ನಂಬಿದಷ್ಟೂ ಅದರ ಶಕ್ತಿ ಹೆಚ್ಚುತ್ತದೆ. ಗೊಲ್ಲಮ್‌ಗೆ ಮಾತ್ರ ಅದು ಗಂಟಲಲ್ಲಿ ಇಳಿಯುವುದಿಲ್ಲ. ಬಾಯಿಗೆ ಹಾಕಿಕೊಂಡು ಉಗುಳುತ್ತಾನೆ. ಆದರೂ ಅವನು ಇವರಿಬ್ಬರ ಬೆನ್ನು ಬಿಡದೆ ಬೆಟ್ಟದವರೆಗೂ ಬಂದ. ನಿನ್ನ ಊಹೆ ನಿಜವಾಗಿ ಹೊಂದುವುದು ಇವನಿಗೇ ಅಂತ ನನಗನ್ನಿಸುತ್ತದೆ. 2941ರಲ್ಲಿ ಉಂಗುರ ಕೈತಪ್ಪಿದ ಮೇಲೂ 78 ವರ್ಷ ಅವನನ್ನು ಎಳೆದುಕೊಂಡು ಬಂದಿದ್ದು ಅದರ ಹಸಿವು. ಮೂವರು ಒಂದೇ ದಾರಿಯಲ್ಲಿದ್ದಾರೆ, ಮೂವರ ತಾಳಿಕೆಯ ಬೇರು ಒಂದೇ ಅಲ್ಲ. ಲೇಖನವನ್ನು ಇಲ್ಲಿಂದ ಶುರು ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ!

ಹಾಬಿಟ್‌ಗಳ, ಅಂದರೆ ಫ್ರೋಡೊ, ಸ್ಯಾಮ್ ಹುಟ್ಟಿದ ಕುಳ್ಳ ಜನರ, ಹುಟ್ಟುಗುಣವನ್ನೂ ಮರೆಯಬೇಡ. ಮೆತ್ತಗೆ ಕಂಡರೂ ಅವರನ್ನು ಹೆದರಿಸುವುದು, ಕೊಲ್ಲುವುದು ಕಷ್ಟ ಅಂತ ಪುಸ್ತಕದ ಪೀಠಿಕೆಯಲ್ಲೇ ಹೇಳಿದೆ. ಶತ್ರುವಿನ ಮಾಟದ ಮೋರ್ಗುಲ್ ಕತ್ತಿಯ ಚೂರನ್ನು ಫ್ರೋಡೊ 17 ದಿನ ಮೈಯಲ್ಲಿಟ್ಟುಕೊಂಡು ಬದುಕಿದ. ದೊಡ್ಡ ದೊಡ್ಡ ಯೋಧರೂ ಬೇಗ ಸೋಲುತ್ತಿದ್ದರು ಅಂತ ಗ್ಯಾಂಡಾಲ್ಫನೇ ಬೆರಗಾಗುತ್ತಾನೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ನಿನ್ನ ಲೇಖನ ಬಲದ ಬಗ್ಗೆ ಮಾತ್ರ ಹೇಳುತ್ತದೆ. ಆ ಬಲ ಎಲ್ಲಿ ಮುಗಿಯಿತು, ಅದಕ್ಕೆ ಅವನು ಏನು ಕಳೆದುಕೊಂಡ ಅನ್ನುವುದನ್ನು ಹೇಳುವುದಿಲ್ಲ. ಬೆಂಕಿಯ ಅಂಚಿನಲ್ಲಿ ನಿಂತು ಫ್ರೋಡೊ ಉಂಗುರವನ್ನು ಎಸೆಯಲಿಲ್ಲ, ಇದು ನನ್ನದು ಅಂದ. ಅದು ನೀತಿಗೆಟ್ಟ ಸೋಲಲ್ಲ, ಆ ಹೊತ್ತಿನ ಒತ್ತಡವನ್ನು ಯಾರೂ ತಡೆಯಲಾರರು ಅಂತ ಟೋಲ್ಕಿನ್ 1963ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಊರಿಗೆ ಮರಳಿದ ಮೇಲೂ ಗಾಯ ಬಿಡಲಿಲ್ಲ. ಕತ್ತಿ ಇರಿದ ಅಕ್ಟೋಬರ್ 6, ಶೆಲಾಬ್ ಅನ್ನುವ ದೈತ್ಯ ಜೇಡ ಕುಟುಕಿದ ಮಾರ್ಚ್ 13 ಮತ್ತೆ ಬಂದಾಗಲೆಲ್ಲ ಅವನು ಕಾಯಿಲೆ ಬೀಳುತ್ತಾನೆ. 3021ರಲ್ಲಿ ಊರನ್ನೇ ಬಿಟ್ಟು ಹಡಗು ಹತ್ತುತ್ತಾನೆ. ಟೋಲ್ಕಿನ್ 1916ರಲ್ಲಿ ಮೊದಲ ಮಹಾಯುದ್ಧದ ಸೋಮ್ ಯುದ್ಧಭೂಮಿಯಲ್ಲಿದ್ದವರು. ಅಲ್ಲಿಂದ ಜ್ವರ ಹಿಡಿದು ಮರಳಿದವರು. ಆ ಯುದ್ಧದಲ್ಲಿ ಕಂಡ ಸಾಮಾನ್ಯ ಸೈನಿಕರ ನೆರಳು ಸ್ಯಾಮ್‌ನಲ್ಲಿದೆ ಅಂತ ಅವರೇ ಹೇಳಿದ್ದಾರೆ. ಮನುಷ್ಯ ಎಷ್ಟು ತಾಳುತ್ತಾನೆ, ಆಮೇಲೆ ಏನಾಗುತ್ತಾನೆ, ಎರಡನ್ನೂ ಅವರು ಹತ್ತಿರದಿಂದ ನೋಡಿದ್ದರು ಅಂತ ಆ ಕೊನೆಯ ಅಧ್ಯಾಯಗಳನ್ನು ಓದುವಾಗಲೆಲ್ಲ ನನಗನ್ನಿಸುತ್ತದೆ.

ನಿನ್ನ ಕಾದಂಬರಿಯ ಹುಡುಗಿಯ ವಿಷಯಕ್ಕೂ ಇದೇ ಮಾತು. ಅವಳು ನಿದ್ದೆಯಿಲ್ಲದೆ ಹಿಮದಲ್ಲಿ ನಡೆಯುತ್ತಾಳೆ, ಮರುದಿನ ಕತ್ತಿ ಹಿಡಿದು ಕಾದುತ್ತಾಳೆ. ರಕ್ತದಲ್ಲಿ ಮಾಂತ್ರಿಕ ಶಕ್ತಿ ಇದೆ ಅಂತ ಒಂದು ಸಾಲಲ್ಲಿ ಮುಗಿಸಿಬಿಟ್ಟಿದ್ದೀಯ. ಇರಲಿ, ಶಕ್ತಿ ಬೇಡ ಅನ್ನುವುದಿಲ್ಲ. ಆದರೆ ಅವಳು ದಾರಿಯಲ್ಲಿ ಏನು ತಿಂದಳು, ಜೊತೆಗೆ ಯಾರಿದ್ದರು, ಆ ಶಕ್ತಿ ಎಲ್ಲಿ ಕೈಕೊಡುತ್ತದೆ, ಯುದ್ಧ ಮುಗಿದು ಎರಡು ವರ್ಷದ ಮೇಲೆ ಅವಳ ಮೈಯಲ್ಲಿ ಏನು ನೋಯುತ್ತದೆ, ಇಷ್ಟನ್ನು ನೀನು ತಿಳಿದುಕೊಂಡಿರು. ಎಲ್ಲವನ್ನೂ ಬರೆಯಬೇಕಾಗಿಲ್ಲ. ನಿನಗೆ ಗೊತ್ತಿದ್ದರೆ ಅವಳು ನಡೆಯುವ ರೀತಿಯೇ ಬದಲಾಗುತ್ತದೆ.

ಲೇಖನವನ್ನು ಹರಿದು ಹಾಕಬೇಡ. ಗ್ಯಾಂಡಾಲ್ಫ್‌ನ ಮಾತನ್ನು ಪೂರ್ತಿ ಇಡು. ಸ್ಯಾಮ್‌ಗೆ ಜಾಗ ಕೊಡು, ಗೊಲ್ಲಮ್‌ನ ಭಾಗವನ್ನು ಬೆಳೆಸು. ಯುಗಾದಿಯೊಳಗೆ ಮುಗಿದರೆ ಕಳಿಸು, ಕೂತು ಸಾಲು ಸಾಲೂ ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ