ಶುಕ್ರವಾರ ಪಾಲಿಕ್ಲಿನಿಕ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ಜೈ ಹಿಂದ್. ಶುಕ್ರವಾರ ಬೆಳಿಗ್ಗೆ 10ಕ್ಕೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ಗೆ ಬರುವವರು ಕಾರ್ಡ್, ಮಾತ್ರೆ ಚೀಟಿ ಮರೆಯಬೇಡಿ. ಬಿಪಿ, ಶುಗರ್ ಜೊತೆಗೆ ವಾರಕ್ಕೆ ಎಷ್ಟು ಕುಡಿಯುತ್ತೀರಿ, ರಾತ್ರಿ ನಿದ್ದೆ ಹೇಗೆ, ಎರಡನ್ನೂ ಡಾಕ್ಟರಿಗೆ ಒಟ್ಟಿಗೇ ಹೇಳಿ. ಪಟಾಕಿ ಸದ್ದಿಗೆ ಬೆವರಿ ಎದ್ದು ಕೂತು, ಕ್ಯಾಂಟೀನ್ ರಮ್ ಎರಡು ಪೆಗ್ ಹಾಕಿದ ಮೇಲೇ ಕಣ್ಣು ಮುಚ್ಚಿದ್ದು ನನಗೂ ಗೊತ್ತು, ನಾಚಿಕೆ ಏನಿಲ್ಲ. ಮೊದಲು ಕುಡಿತ ಬಿಟ್ಟು ಆಮೇಲೆ ಮನಸ್ಸಿನ ಚಿಕಿತ್ಸೆ ಅಂತ ಕಾಯಬೇಕಿಲ್ಲ, ಎರಡಕ್ಕೂ ಜೊತೆಯಲ್ಲೇ ಚಿಕಿತ್ಸೆ ಇದೆ. ಆದರೆ ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಂದೇ ಸಲ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ನಡುರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಬರುವವರು ಬುಧವಾರದೊಳಗೆ ಹೆಸರು ಹಾಕಿ, ಗುಂಪಲ್ಲಿ ಬೇಡ ಅನ್ನಿಸಿದರೆ ನನಗೊಬ್ಬನಿಗೇ ಮೆಸೇಜ್ ಮಾಡಿ. ಜೀಪಲ್ಲಿ ಇನ್ನೂ ಮೂರು ಸೀಟ್ ಖಾಲಿ ಇದೆ.